ಅಮ್ಮಾ, ನಿಲ್ಸು

"ನಾನು ಹೇಳಿದ್ನಲ್ಲಾ ಅಮ್ಮಾ."

ಈ ಒಂದು ಮಾತು ಮೂರು ವಾರದಿಂದ ನನ್ನ ಬೆನ್ನು ಬಿಟ್ಟಿಲ್ಲ. ಹೇಳಿದ್ದು ನನ್ನ ಏಳು ವರ್ಷದ ಮಗಳು. ಕೋಪದಿಂದ ಹೇಳಲಿಲ್ಲ, ದೂರುವ ದನಿಯೂ ಇರಲಿಲ್ಲ. ರಸ್ತೆ ಬದಿಗೆ ನಿಲ್ಲಿಸಿದ ಕಾರಿನ ಪಕ್ಕ ಎರಡೂ ಕೈ ಮೇಲೆತ್ತಿ ನಿಂತಿದ್ದಳು. ವಾಂತಿಯಿಂದ ಒದ್ದೆಯಾದ ಅಂಗಿಯನ್ನು ನಾನು ಮೇಲಕ್ಕೆ ಎಳೆದು ತೆಗೆಯುತ್ತಿದ್ದೆ. ಅಂಗಿ ಅವಳ ಮುಖ ದಾಟುತ್ತಿದ್ದಾಗ, ಅದರೊಳಗಿಂದಲೇ ಆ ಮಾತು ಬಂತು. ಅಂಗಿ ಕಳಚಿದ ಮೇಲೆ ನೋಡಿದರೆ ಮುಖ ಬಿಳುಚಿಕೊಂಡಿತ್ತು, ಹಣೆಗೆ ಕೂದಲು ಅಂಟಿಕೊಂಡಿತ್ತು. ನಾನು ಏನೂ ಹೇಳಲಿಲ್ಲ. ನೀರಿನ ಬಾಟಲಿ ತೆಗೆದು ಬಾಯಿ ತೊಳೆಸಿದೆ. ಅವಳು ಹೇಳಿದ್ದು ನಿಜ. ಅವಳು ಹೇಳಿದ್ದಳು, ಎರಡು ಸಲ ಹೇಳಿದ್ದಳು.

ಮೊದಲ ಸಲ "ಅಮ್ಮಾ, ನಿಲ್ಸು" ಅಂದಾಗ ನಾನು ಫೋನಿನ ಮ್ಯಾಪ್ ಕಡೆ ನೋಡಿದೆ. ಮಧ್ಯಾಹ್ನ ಒಂದು ನಲವತ್ತಕ್ಕೆ ತಲುಪುತ್ತೀರಿ ಅಂತ ತೋರಿಸುತ್ತಿತ್ತು. "ಇನ್ನು ಹತ್ತೇ ನಿಮಿಷ ಪುಟ್ಟಾ, ಮುಂದೆ ಒಳ್ಳೆ ಜಾಗ ಸಿಗುತ್ತೆ" ಅಂದೆ. ಮುಂದೆ ಏನು ಸಿಗುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಆ ರಸ್ತೆಗೆ ನಾನೂ ಹೊಸಬಳು. ಹತ್ತು ನಿಮಿಷ ಅನ್ನುವ ಲೆಕ್ಕವೂ ಎಲ್ಲಿಂದಲೋ ಬಂದದ್ದಲ್ಲ, ಸುಮ್ನೆ ಬಾಯಿಗೆ ಬಂದದ್ದು. ಎರಡನೇ ಸಲ ಅವಳು ಬರೀ "ಅಮ್ಮಾ" ಅಂದಳು. ಪಕ್ಕದಲ್ಲಿ ಕೂತಿದ್ದ ಇವರು "ನಿಲ್ಸಿಬಿಡು" ಅಂದರು. ಅಷ್ಟರಲ್ಲಿ ಆಗಿಹೋಯಿತು.

ಮಕ್ಕಳು ವಾಂತಿ ಮಾಡುವುದು ದೊಡ್ಡ ವಿಷಯವಲ್ಲ. ತೊಳೆದರೆ ಹೋಗುತ್ತದೆ. ಕಾರಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ, ಆದರೂ ಸೀಟು ಹಾಳಾಯಿತಲ್ಲ ಅಂತ ನನಗೆ ಒಂದು ಚೂರೂ ಅನ್ನಿಸಲಿಲ್ಲ, ಅದು ಸತ್ಯ. ಕೊರೆಯುತ್ತಿರುವುದು ಬೇರೆ. ನಾನು ಯಾಕೆ ನಿಲ್ಲಿಸಲಿಲ್ಲ?

ನಿಲ್ಲಿಸುವುದಕ್ಕೇ ತಗೊಂಡ ಕಾರು

ನಾವು ಕಾರು ತಗೊಂಡ ಕಾರಣವನ್ನು ನೆನಪಿಸಿಕೊಂಡರೆ ಈ ಪ್ರಶ್ನೆ ಇನ್ನೂ ಜೋರಾಗಿ ಚುಚ್ಚುತ್ತದೆ. ಮಕ್ಕಳಾಗುವ ಮೊದಲು ನಮಗೆ ಕಾರು ಬೇಕು ಅನ್ನಿಸಿರಲಿಲ್ಲ. ಬಸ್ಸು, ರೈಲು ಸಾಕಾಗಿತ್ತು. ಒಂದು ಸಲ ದೂರದ ಬಸ್ಸಿನಲ್ಲಿ ಹೋಗುತ್ತಿದ್ದಾಗ ಮಗನಿಗೆ ಉಚ್ಚೆ ಬಂತು. ಆಗ ಅವನಿಗೆ ಮೂರು ವರ್ಷ, ಡಯಾಪರ್ ಬಿಟ್ಟು ತಿಂಗಳೂ ಆಗಿರಲಿಲ್ಲ. ಇವರು ಎದ್ದು ಡ್ರೈವರ್ ಹತ್ತಿರ ಹೋಗಿ ಕೇಳಿದರು. ಮುಂದಿನ ನಿಲ್ದಾಣ ಇಪ್ಪತ್ತು ನಿಮಿಷ, ತಡೆದುಕೊಳ್ಳಲಿ ಅಂತ ಉತ್ತರ ಬಂತು. ಅವರ ತಪ್ಪೇನೂ ಇಲ್ಲ. ನಲವತ್ತು ಜನ ಕೂತಿರುವ ಗಾಡಿಯನ್ನು ಒಬ್ಬರಿಗಾಗಿ ಎಲ್ಲೆಂದರಲ್ಲಿ ನಿಲ್ಲಿಸೋಕೆ ಆಗುವುದಿಲ್ಲ. ಆದರೆ ನನ್ನ ತೊಡೆಯ ಮೇಲೆ ಕೂತು, ಕಾಲು ಬಿಗಿಹಿಡಿದು, "ಅಮ್ಮಾ ನಾನು ತಡ್ಕೊಂಡಿದೀನಿ, ತಡ್ಕೊಂಡಿದೀನಿ" ಅಂತ ಅವನು ಪಿಸುಗುಟ್ಟುತ್ತಿದ್ದದ್ದು ನನಗೆ ಇವತ್ತಿಗೂ ಮರೆತಿಲ್ಲ. ನಿಲ್ದಾಣ ಬರುವ ಎರಡು ನಿಮಿಷ ಮೊದಲು ಅವನಿಗೆ ಆಗಲಿಲ್ಲ. ಅಳಲಿಲ್ಲ, ತಲೆ ತಗ್ಗಿಸಿಕೊಂಡ. ಅವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ನಾವಿಬ್ಬರೂ ಮೊದಲ ಸಲ ಕಾರಿನ ಮಾತು ಆಡಿದೆವು. "ನಮ್ದೇ ಗಾಡಿ ಇದ್ರೆ ಬೇಕಾದ ಕಡೆ ನಿಲ್ಲಿಸ್ಬಹುದು" ಅಂತ ಹೇಳಿದ್ದು ನಾನೇ.

ಅದಾದ ಮೇಲೆ ವರ್ಷದ ತನಕ ದುಡ್ಡು ಹೊಂದಿಸಿ, ನಾಲ್ಕಾರು ಗಾಡಿ ಓಡಿಸಿ ನೋಡಿ, ಕೊನೆಗೂ ಒಂದು ಮನೆಗೆ ಬಂತು. ಆ ವಿವರ ಎಲ್ಲರಿಗೂ ಗೊತ್ತಿರುವುದೇ. ಮಕ್ಕಳು ಸಮುದ್ರ ನೋಡಿರಲಿಲ್ಲ, ಹಾಗಾಗಿ ಮೊದಲ ದೂರದ ಪ್ರಯಾಣ ಸಮುದ್ರಕ್ಕೆ ಅಂತ ನಿರ್ಧಾರವಾಯಿತು. ಮುನ್ನೂರು ಕಿಲೋಮೀಟರ್ ಹತ್ತಿರ. ಹೊರಡುವ ಹಿಂದಿನ ದಿನವೂ ನಾನು ಮಕ್ಕಳಿಗೆ ಹೇಳಿದ್ದೆ, "ಎಲ್ಲಿ ಬೇಕೋ ಅಲ್ಲಿ ನಿಲ್ಲಿಸೋಣ" ಅಂತ.

ಎಲ್ಲಿ ತಪ್ಪಿತು ಅಂತ ಯೋಚನೆ ಮಾಡಿದರೆ ನನ್ನ ಕಣ್ಣು ಹೋಗುವುದು ಮ್ಯಾಪಿನ ಮೂಲೆಯಲ್ಲಿದ್ದ ಆ ಸಮಯದ ಮೇಲೆ. ಹೊರಟಾಗ ಅದು ಒಂದು ಹತ್ತು ತೋರಿಸುತ್ತಿತ್ತು. ಮೊದಲ ಸಲ ನಿಲ್ಲಿಸಿ ಹೊರಟಾಗ ಒಂದು ಇಪ್ಪತ್ತೈದು ಆಯಿತು. ಎರಡನೇ ಸಲ ನಿಲ್ಲಿಸಿದಾಗ ಒಂದು ನಲವತ್ತು. ಯಾರೂ ನಮಗಾಗಿ ಕಾಯುತ್ತಿರಲಿಲ್ಲ. ಸಮುದ್ರಕ್ಕೆ ಬಾಗಿಲಿಲ್ಲ, ಹೊತ್ತಾಯಿತು ಅಂತ ಮುಚ್ಚಿಕೊಂಡು ಹೋಗುವುದಿಲ್ಲ. ಆದರೂ ಆ ಅಂಕಿ ಹಿಂದಕ್ಕೆ ಜಾರಿದಾಗಲೆಲ್ಲ ಏನೋ ಕಳೆದುಕೊಂಡ ಹಾಗೆ ಆಗುತ್ತಿತ್ತು. ಮುಂದಿನ ಲಾರಿ ದಾಟಿ ಒಂದು ನಿಮಿಷ ಉಳಿದರೆ ಖುಷಿಯಾಗುತ್ತಿತ್ತು. ಹಾಗೆ ನೋಡಿದರೆ 200 ಕಿಲೋಮೀಟರ್ ದೂರವನ್ನು ಗಂಟೆಗೆ 80ರ ಬದಲು 100ರಲ್ಲಿ ಓಡಿಸಿದರೂ ಉಳಿಯುವುದು ಅರ್ಧ ಗಂಟೆ ಮಾತ್ರ. ಅದೂ ದಾರಿ ಪೂರ್ತಿ ಖಾಲಿ ಇದ್ದರೆ. ನಾನು ಓಡಿಸಿದ್ದು ನಮ್ಮದೇ ಕಾರು. ಆದರೆ ಆ ಬಸ್ಸಿನ ಡ್ರೈವರ್ ಕೊಟ್ಟ ಉತ್ತರವನ್ನೇ ನಾನು ನನ್ನ ಮಗಳಿಗೆ ಕೊಟ್ಟೆ. ಅವರಿಗೆ ನಲವತ್ತು ಜನರ ಕಾರಣ ಇತ್ತು. ನನಗೆ ಯಾವ ಕಾರಣವೂ ಇರಲಿಲ್ಲ.

ಅವಳು ಸುಮ್ಮನಾಗಿದ್ದು

ಇನ್ನೊಂದು ವಿಷಯವನ್ನೂ ಹೇಳಬೇಕು. ಅವಳು "ನಿಲ್ಸು" ಅನ್ನುವ ಮೊದಲೇ ಅವಳ ಮೈ ಹೇಳುತ್ತಿತ್ತು, ನನಗೆ ಓದೋಕೆ ಬರಲಿಲ್ಲ. ಬೆಟ್ಟದ ತಿರುವುಗಳು ಶುರುವಾದಾಗ ಮಕ್ಕಳಿಬ್ಬರಿಗೂ ಬೇಜಾರು ಬಂದು ಜಗಳ ಶುರುವಾಗಿತ್ತು. ಹಿಂದೆ ತಿರುಗಿ ಗದರಲೂ ಆಗುವುದಿಲ್ಲ. 80ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಎರಡು ಸೆಕೆಂಡ್ ಹಿಂದೆ ನೋಡಿದರೆ 44 ಮೀಟರ್ ಕಣ್ಣು ಮುಚ್ಚಿಕೊಂಡು ಓಡಿಸಿದ ಹಾಗೆ. ಅದಕ್ಕೇ ಇವರಿಗೆ ಹೇಳಿ ಮಗಳ ಕೈಗೆ ಬಣ್ಣ ಹಚ್ಚುವ ಪುಸ್ತಕ ಕೊಡಿಸಿದೆ. ಐದು ನಿಮಿಷದಲ್ಲಿ ಹಿಂದಿನ ಸೀಟು ತಣ್ಣಗಾಯಿತು. ಕನ್ನಡಿಯಲ್ಲಿ ನೋಡಿದೆ. ಬಗ್ಗಿಸಿದ ತಲೆ ಕಂಡಿತು. ಒಂದು ಸಲ ಆಕಳಿಸಿದಳು, ಇನ್ನೊಂದು ಸಲ ಆಕಳಿಸಿದಳು. ನಿದ್ದೆ ಬರುತ್ತಿದೆ, ಒಳ್ಳೆಯದಾಯಿತು ಅಂದುಕೊಂಡೆ.

ವಾಪಸ್ ಹೊರಡುವ ಮೊದಲು ಕೂತು ಓದಿದೆ. ನಮ್ಮ ಕಿವಿಯ ಒಳಗೆ, ಕೇಳಿಸುವ ಭಾಗಕ್ಕೆ ಅಂಟಿಕೊಂಡೇ, ಸಮತೋಲ ನೋಡಿಕೊಳ್ಳುವ ಒಂದು ಭಾಗವಿದೆ. ಅದರಲ್ಲಿ ಮೂರು ಅರೆಸುತ್ತಿನ ನಾಳಗಳು, ಒಳಗೆಲ್ಲ ದ್ರವ. ಕಾರು ತಿರುಗಿದಾಗ, ಬ್ರೇಕ್ ಹಾಕಿದಾಗ ಅದಕ್ಕೆ ಗೊತ್ತಾಗುತ್ತದೆ. ನಾವು ಚಲಿಸುತ್ತಿದ್ದೇವೆ ಅಂತ ಅದು ಮೆದುಳಿಗೆ ಹೇಳುತ್ತದೆ. ಕಣ್ಣು ಮಾತ್ರ ಪುಸ್ತಕದ ಮೇಲೆ ಇರುತ್ತದೆ. ಪುಸ್ತಕ ಅಲುಗಾಡುತ್ತಿಲ್ಲ, ಎದುರಿನ ಸೀಟಿನ ಬೆನ್ನೂ ಅಲುಗಾಡುತ್ತಿಲ್ಲ, ಏನೂ ಚಲಿಸುತ್ತಿಲ್ಲ ಅಂತ ಅದು ಹೇಳುತ್ತದೆ. ಇಬ್ಬರ ಸಾಕ್ಷಿಯೂ ತಾಳೆಯಾಗುವುದಿಲ್ಲ. ಆಗ ಹೊಟ್ಟೆ ತೊಳಸುತ್ತದೆ, ಬಾಯಲ್ಲಿ ಜೊಲ್ಲು ಊರುತ್ತದೆ, ತಣ್ಣನೆ ಬೆವರು ಬರುತ್ತದೆ, ಆಕಳಿಕೆ ಬರುತ್ತದೆ. ಗಲಾಟೆ ಮಾಡುತ್ತಿದ್ದ ಮಗು ಇದ್ದಕ್ಕಿದ್ದ ಹಾಗೆ ಸುಮ್ಮನಾಗುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಕಮ್ಮಿ. ಅಲ್ಲಿಂದ ಹನ್ನೆರಡು ವರ್ಷದ ತನಕ ಜಾಸ್ತಿ. ಗಾಡಿ ಓಡಿಸುವವರಿಗೆ ಸಾಮಾನ್ಯವಾಗಿ ಬರುವುದೇ ಇಲ್ಲ. ಯಾಕೆಂದರೆ ಅವರ ಕಣ್ಣು ರಸ್ತೆಯ ಮೇಲಿರುತ್ತದೆ, ಮುಂದಿನ ತಿರುವು ಮೈಗೆ ಮೊದಲೇ ಗೊತ್ತಿರುತ್ತದೆ.

ಈ ಕೊನೆಯದನ್ನು ಓದಿದಾಗ ನನಗೆ ಬಹಳ ಹೊತ್ತು ಬೇರೇನೂ ತೋಚಲಿಲ್ಲ. ಒಂದೇ ಕಾರು, ಒಂದೇ ತಿರುವು. ನನಗೆ ಎದುರಿಗೆ ಹಸಿರು ಬೆಟ್ಟ, ಬೆಳಕು, ದೊಡ್ಡ ಗಾಜು. ಅವಳಿಗೆ ಎದುರಿಗೆ ಬೂದು ಬಣ್ಣದ ಸೀಟಿನ ಬೆನ್ನು. ನಾನು ಸ್ಟೀರಿಂಗ್ ತಿರುಗಿಸುವ ಮೊದಲೇ ನನ್ನ ಮೈ ಆ ಕಡೆಗೆ ವಾಲುತ್ತದೆ. ಅವಳನ್ನು ಯಾರೋ ಹೇಳದೆ ಕೇಳದೆ ಎಳೆದ ಹಾಗೆ. ನಾನು ಆರಾಮಾಗಿದ್ದೆ ಅಂತ ಎಲ್ಲರೂ ಆರಾಮಾಗಿದ್ದಾರೆ ಅಂದುಕೊಂಡಿದ್ದೆ. ಓಡಿಸುವವರಿಗೆ ಈ ಮರೆವು ಬರುವುದು ಎಷ್ಟು ಸುಲಭ ನೋಡಿ. ಮನೆಯಲ್ಲೂ ನಾವು ದೊಡ್ಡವರು ಎಷ್ಟೋ ಸಲ ಮುಂದಿನ ಸೀಟಿನಲ್ಲೇ ಕೂತಿರುತ್ತೇವೆ, ಮಕ್ಕಳಿಗೆ ನಮ್ಮ ಬೆನ್ನು ಕಾಣುತ್ತಿರುತ್ತದೆ.

ಬರುವಾಗ ಅವಳ ಬೂಸ್ಟರ್ ಸೀಟನ್ನು (ದೊಡ್ಡವರ ಬೆಲ್ಟ್ ಸರಿಯಾಗಿ ಕೂರಲಿ ಅಂತ ಮಗುವನ್ನು ಎತ್ತರಿಸುವ ಸೀಟು) ಮಧ್ಯಕ್ಕೆ ಹಾಕಿದೆವು. ನಮ್ಮ ಕಾರಿನಲ್ಲಿ ಮಧ್ಯದ ಸೀಟಿಗೂ ಭುಜದ ಮೇಲಿಂದ ಬರುವ ಬೆಲ್ಟ್ ಇದೆ. ಅಲ್ಲಿ ಕೂತರೆ ಎರಡು ಸೀಟುಗಳ ನಡುವಿನಿಂದ ಮುಂದಿನ ರಸ್ತೆ ಕಾಣುತ್ತದೆ. ಪುಸ್ತಕ ಡಿಕ್ಕಿಗೆ ಹೋಯಿತು, ಗಾಜು ಒಂದಿಷ್ಟು ಕೆಳಗಿಳಿಯಿತು. "ಅಮ್ಮಾ, ಎಡಕ್ಕೆ ತಿರುವು ಬರ್ತಿದೆ" ಅಂತ ಅವಳೇ ಹೇಳೋಕೆ ಶುರು ಮಾಡಿದಳು. ಪೂರ್ತಿ ಬೆಟ್ಟ ಹತ್ತುವವರೆಗೂ ಹೇಳಿದಳು. ಒಂದು ಸಲವೂ ಹೊಟ್ಟೆ ತೊಳಸಲಿಲ್ಲ.

ಮಡಿಲು

ಮಗನ ಕಥೆ ಬೇರೆ. ಅವನಿಗೆ ನಾಲ್ಕು ವರ್ಷ. ಅವನಿಗೆ ಐದು ಕಡೆ ಬೆಲ್ಟ್ ಇರುವ ಚೈಲ್ಡ್ ಸೀಟು. ಕಾರು ಬುಕ್ ಮಾಡಿದ ದಿನವೇ ಅದನ್ನೂ ತಂದಿದ್ದೆವು. ನಮ್ಮ ಹಿರಿಯರಲ್ಲಿ ಕೆಲವರಿಗೆ ಇದು ಇಷ್ಟವಾಗಲಿಲ್ಲ. "ಪಾಪ, ಮಗೂನ ಕಟ್ಟಿ ಹಾಕ್ತೀಯಲ್ಲೇ, ತೊಡೆ ಮೇಲೆ ಕೂರಿಸ್ಕೊಂಡ್ರೆ ಆಗಲ್ವಾ?" ಅಂದರು. ಅವರ ಮಾತಿನಲ್ಲಿದ್ದದ್ದು ಪ್ರೀತಿಯೇ. ನನಗೂ ಅದೇ ಅನ್ನಿಸಿತ್ತು. ಅಮ್ಮನ ಮಡಿಲಿಗಿಂತ ಸುರಕ್ಷಿತ ಜಾಗ ಇನ್ಯಾವುದಿದೆ?

ಲೆಕ್ಕ ಮಾಡಿದಾಗ ಮಾತ್ರ ಕೈ ನಡುಗಿತು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಗೋಡೆಗೆ ಬಡಿದರೆ, ಒಳಗಿರುವವರಿಗೆ ಅದು ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರು ಮಹಡಿ ಮೇಲಿನಿಂದ, ಬಿದ್ದ ಹಾಗೆ. ಆ ಗಳಿಗೆಯಲ್ಲಿ 15 ಕೆಜಿ ತೂಕದ ಮಗು 300 ಕೆಜಿಗೂ ಜಾಸ್ತಿ ಭಾರದಲ್ಲಿ ಮುಂದಕ್ಕೆ ನುಗ್ಗುತ್ತದೆ. ಎಷ್ಟೇ ಗಟ್ಟಿಯಾಗಿ ಅಪ್ಪಿಕೊಂಡಿದ್ದರೂ ನನ್ನ ಎರಡು ತೋಳುಗಳಿಗೆ ಅದನ್ನು ಹಿಡಿಯುವ ಶಕ್ತಿ ಇಲ್ಲ. ಯಾವ ತಾಯಿಗೂ ಇಲ್ಲ. ದೊಡ್ಡವರ ಬೆಲ್ಟ್ ಹಾಕೋಣ ಅಂದರೆ ಅದು ದೊಡ್ಡ ಮೈಗೆ ಮಾಡಿದ್ದು. ಭುಜದಿಂದ ಸೊಂಟಕ್ಕೆ ಬರುವ ಇವತ್ತಿನ ಸೀಟ್ ಬೆಲ್ಟನ್ನು ಸ್ವೀಡನ್ನಿನ ವೋಲ್ವೋದಲ್ಲಿ ಇಂಜಿನಿಯರ್ ಆಗಿದ್ದ ನಿಲ್ಸ್ ಬೋಲಿನ್ 1959ರಲ್ಲಿ ತಂದರು. ಕಂಪನಿ ಅದನ್ನು ತನ್ನಲ್ಲೇ ಇಟ್ಟುಕೊಳ್ಳದೆ ಬೇರೆ ಕಂಪನಿಗಳೂ ಬಳಸಲು ಬಿಟ್ಟುಕೊಟ್ಟಿತು. ಅದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಆದರೆ ಪುಟ್ಟ ಮಗುವಿಗೆ ಅದೇ ಬೆಲ್ಟ್ ಭುಜದ ಬದಲು ಕುತ್ತಿಗೆಗೆ ಬರುತ್ತದೆ, ಸೊಂಟದ ಮೂಳೆಯ ಬದಲು ಮೆತ್ತನೆಯ ಹೊಟ್ಟೆಗೆ ಬರುತ್ತದೆ. ಕೂಸುಗಳ ವಿಷಯದಲ್ಲಿ ಇನ್ನೂ ಒಂದು ತೊಂದರೆ. ಹುಟ್ಟಿದ ಮಗುವಿನ ಉದ್ದದಲ್ಲಿ ನಾಲ್ಕನೇ ಒಂದು ಭಾಗ ತಲೆಯೇ ಇರುತ್ತದೆ, ಕುತ್ತಿಗೆ ಇನ್ನೂ ಎಳೆಯದು. ಅದಕ್ಕೇ ಅವರನ್ನು ಹಿಂದಕ್ಕೆ ಮುಖ ಮಾಡಿ ಕೂರಿಸಬೇಕು. ಈ ಯೋಚನೆ ಬಂದದ್ದು ಸ್ವೀಡನ್ನಿನ ಪ್ರೊಫೆಸರ್ ಬರ್ಟಿಲ್ ಆಲ್ಡ್‌ಮನ್ ಅವರಿಗೆ. ಜೆಮಿನಿ ಅನ್ನುವ ಅಮೆರಿಕದ ಬಾಹ್ಯಾಕಾಶ ಯೋಜನೆಯ ಗಗನಯಾತ್ರಿಗಳ ಸೀಟುಗಳು ಹಾರುವಾಗಿನ ಒತ್ತಡವನ್ನು ಪೂರ್ತಿ ಬೆನ್ನಿನ ಮೇಲೆ ಹರಡುವ ಹಾಗೆ ಇರುವುದನ್ನು ನೋಡಿ ಹೊಳೆದದ್ದಂತೆ. 1964ರಲ್ಲಿ ಮೊದಲ ಮಾದರಿಯನ್ನು ಪರೀಕ್ಷೆ ಮಾಡಿದರು. ಹಾಗೆ ಹಿಂದೆ ಮುಖ ಮಾಡಿದ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿಗೆ ಮಾತ್ರ ಎಂದೂ ಹಾಕಬಾರದು.

ಇಷ್ಟೆಲ್ಲ ಗೊತ್ತಿದ್ದೂ, ಮಗ ಅಳೋಕೆ ಶುರು ಮಾಡಿದಾಗ ಎದೆ ಕೇಳುವುದಿಲ್ಲ. ಹೋಗುವಾಗ ಒಂದು ಕಡೆ ನಿದ್ದೆಯಿಂದ ಎದ್ದವನೇ "ಎತ್ಕೋ, ಎತ್ಕೋ" ಅಂತ ಶುರು ಮಾಡಿದ. ಇವರು ಮುಂದಿನ ಸೀಟಿನಿಂದ ಕೈ ಹಿಂದೆ ಹಾಕಿ ಅವನ ಪಾದ ಹಿಡಿದುಕೊಂಡರು. ಅಕ್ಕ ಹಾಡು ಹೇಳಿದಳು. ಆಗಲಿಲ್ಲ. ಬೆಲ್ಟಿನ ಗುಂಡಿ ಒತ್ತುವಷ್ಟು ಬಲ ಅವನ ಬೆರಳಿಗಿಲ್ಲ, ಆದರೂ ಎರಡೂ ಹೆಬ್ಬೆರಳು ಸೇರಿಸಿ ಒತ್ತುತ್ತಿದ್ದ. ಉಗುರು ಬೆಳ್ಳಗಾಗುವಷ್ಟು ಒತ್ತುತ್ತಿದ್ದ. ಕನ್ನಡಿಯಲ್ಲಿ ಅದು ಕಂಡು ನನಗೆ ಗಂಟಲು ಕಟ್ಟಿತು. ಬಸ್ಸಿನಲ್ಲಿ ನಿಲ್ಲಿಸೋಕೆ ಆಗುತ್ತಿರಲಿಲ್ಲ, ಆದರೆ ಎತ್ತಿಕೊಳ್ಳಬಹುದಿತ್ತು. ಕಾರಿನಲ್ಲಿ ಓಡುವಾಗ ಎತ್ತಿಕೊಳ್ಳುವ ಹಾಗಿಲ್ಲ. ಎತ್ತಿಕೊಳ್ಳಬೇಕು ಅಂದರೆ ಇರುವುದು ಒಂದೇ ದಾರಿ, ನಿಲ್ಲಿಸಬೇಕು.

ಅವತ್ತು ಅವನಿಗಾಗಿ ನಿಲ್ಲಿಸಿದೆ. ಮಗನ ಅಳು ದೊಡ್ಡದು, ಯಾರಿಗಾದರೂ ಕೇಳಿಸುತ್ತದೆ. ಅವನನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಒಂದು ಮರದ ಕೆಳಗೆ ನಿಂತೆ. ನಾಲ್ಕೇ ನಿಮಿಷ. ಬೆವರಿದ ಕುತ್ತಿಗೆ ನನ್ನ ಕೆನ್ನೆಗೆ ಒತ್ತಿಕೊಂಡು, ಬಿಕ್ಕಳಿಕೆ ನಿಂತು, "ಈಗ ಹೋಗೋಣ" ಅಂತ ಅವನೇ ಹೇಳಿದ. ಮಗಳದ್ದು ಸಣ್ಣ ದನಿ. ಒಂದು ಗಂಟೆ ಆದ ಮೇಲೆ ಅವಳು ಸಣ್ಣ ದನಿಯಲ್ಲಿ ಕೇಳಿದಾಗ ನಾನು ಮ್ಯಾಪ್ ನೋಡಿದೆ.

(ನಿಂತ ಕಾರಿನ ಬಗ್ಗೆಯೂ ಒಂದು ಮಾತು, ಇದನ್ನು ಹೇಳದೆ ಇರಲಾರೆ. ಮಗು ಮಲಗಿದೆ, ಎರಡು ನಿಮಿಷ ಹೋಗಿ ಬರೋಣ ಅಂತ ಒಳಗೆ ಬಿಟ್ಟು ಹೋಗಬೇಡಿ. ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಶಾಖ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ. ಗಾಜು ಒಂದಿಷ್ಟು ತೆರೆದಿಟ್ಟರೂ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಮಕ್ಕಳ ಮೈ ನಮ್ಮ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಎಬ್ಬಿಸಿದರೆ ಅಳುತ್ತದೆ, ನಿಜ. ಎಬ್ಬಿಸಿ, ಎತ್ತಿಕೊಂಡೇ ಹೋಗಿ.)

ತವರಿಗೆ ಹೊರಟ ತಾಯಿ

ಸಮುದ್ರದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಚೆನ್ನಾಗಿತ್ತು, ಮಕ್ಕಳು ಕುಣಿದರು. ಎರಡನೇ ದಿನ ರಾತ್ರಿ, ಎಲ್ಲರೂ ಮಲಗಿದ ಮೇಲೆ, ನಾನು ಫೋನಿನಲ್ಲಿ ಸುಮ್ನೆ ಏನೋ ಹುಡುಕುತ್ತಾ ಬರ್ತಾ ಬೆನ್ಜ್ ಕಥೆಯನ್ನು ಮತ್ತೆ ಓದಿದೆ. ಹೆಸರು ಕೇಳಿದ್ದೆ, ಆದರೆ ಇಷ್ಟು ಗಮನ ಕೊಟ್ಟು ಓದಿರಲಿಲ್ಲ. ಕಾರಿನಲ್ಲಿ ಮೊದಲ ದೂರದ ಪ್ರಯಾಣ ಮಾಡಿದ್ದು ಒಬ್ಬ ತಾಯಿ, ಜೊತೆಗೆ ಅವಳ ಮಕ್ಕಳು. 1888ರ ಆಗಸ್ಟ್ ತಿಂಗಳು. ಗಂಡ ಕಾರ್ಲ್ ಬೆನ್ಜ್ ತನ್ನ ಮೋಟಾರು ಗಾಡಿಗೆ 1886ರಲ್ಲೇ ಪೇಟೆಂಟ್ ತಗೊಂಡಿದ್ದರು. ಆದರೆ ಅದನ್ನು ಕೊಳ್ಳುವವರು ಮುಂದೆ ಬರುತ್ತಿರಲಿಲ್ಲ. ಗಂಡನಿಗೆ ಹೇಳದೆ, ಹದಿನೈದು ಮತ್ತು ಹದಿಮೂರು ವರ್ಷದ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಬರ್ತಾ ಜರ್ಮನಿಯ ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರು. ನೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಫೋರ್ಟ್ಸ್‌ಹೈಮ್ ಅವರ ತವರು.

ಆ ಪ್ರಯಾಣದಲ್ಲಿ ಇವತ್ತಿಗೂ ಜನ ಹೇಳುವುದು ನಿಂತ ಜಾಗಗಳ ಕಥೆಗಳನ್ನೇ. ಇಂಧನ ಮುಗಿಯಿತು ಅಂತ ವೀಸ್‌ಲೋಖ್ ಅನ್ನುವ ಊರಲ್ಲಿ ನಿಂತರು. ಔಷಧಿ ಅಂಗಡಿಯಲ್ಲಿ ಕಲೆ ತೆಗೆಯೋಕೆ ಮಾರುತ್ತಿದ್ದ ಲಿಗ್ರೊಯಿನ್ ಅನ್ನುವ ದ್ರವ ಕೊಂಡು ಗಾಡಿಗೆ ಹಾಕಿದರು. ಆ ಅಂಗಡಿಯನ್ನು ಈಗ ಲೋಕದ ಮೊದಲ ಪೆಟ್ರೋಲ್ ಬಂಕ್ ಅನ್ನುತ್ತಾರೆ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು. ಬೆಂಕಿ ಕಿಡಿಯ ತಂತಿ ಸವೆದಾಗ ತಮ್ಮ ಕಾಲುಚೀಲದ ಪಟ್ಟಿ ಸುತ್ತಿ ಸರಿ ಮಾಡಿದರು. ಬ್ರೇಕ್ ಸವೆದಾಗ ಚಪ್ಪಲಿ ಹೊಲಿಯುವವರ ಹತ್ತಿರ ಅದಕ್ಕೆ ಚರ್ಮ ಹೊಡೆಸಿದರು. ದಾರಿ ಉದ್ದಕ್ಕೂ ಇಂಜಿನ್ನಿಗೆ ನೀರು ಹಾಕಬೇಕಿತ್ತು. ಏರು ಬಂದಾಗ ಮಕ್ಕಳು ಇಳಿದು ತಳ್ಳಿದರು. ಕತ್ತಲಾಗುವ ಹೊತ್ತಿಗೆ ತವರು ಮುಟ್ಟಿ, ಗಂಡನಿಗೆ ಟೆಲಿಗ್ರಾಂ ಕಳಿಸಿದರು. ಏರಿನಲ್ಲಿ ತಳ್ಳಬೇಕಾಯಿತಲ್ಲ, ಅದರಿಂದಲೇ ಗಾಡಿಗೆ ಇನ್ನೊಂದು ಗೇರು ಬೇಕು ಅಂತ ತಿಳಿಯಿತು, ಆಮೇಲೆ ಅದನ್ನು ಸೇರಿಸಿದರು. ನಿಂತಲ್ಲೆಲ್ಲ ಅವರಿಗೆ ಗಾಡಿ ಏನು ಕೇಳುತ್ತಿದೆ ಅಂತ ಗೊತ್ತಾಗುತ್ತಾ ಹೋಯಿತು.

ನನ್ನ ಗಾಡಿ ಏನೂ ಕೇಳುವುದಿಲ್ಲ. ನೀರು ಕೇಳುವುದಿಲ್ಲ, ಚರ್ಮ ಕೇಳುವುದಿಲ್ಲ, ಮುನ್ನೂರು ಕಿಲೋಮೀಟರ್ ಒಂದೇ ಉಸಿರಿಗೆ ಓಡುತ್ತದೆ. ನಿಲ್ಲಬೇಕಾದವರು ಅದರೊಳಗೆ ಕೂತಿರುವ ನಾವು. ಮೀಟರಿನ ಮೇಲೆ ಇಂಧನಕ್ಕೆ ಒಂದು ದೀಪ ಇದೆ, ಇಂಜಿನ್ ಬಿಸಿಗೆ ಒಂದು ದೀಪ ಇದೆ, ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಅದಕ್ಕೂ ಒಂದು ದೀಪ. ಹಿಂದಿನ ಸೀಟಿನ ಸಣ್ಣ ದನಿಗೆ ದೀಪ ಇಲ್ಲ. ಮಲಗಿದ್ದ ಮಗಳ ಕೈ ಹಿಡಿದುಕೊಂಡು ಬಹಳ ಹೊತ್ತು ಎದ್ದೇ ಇದ್ದೆ.

ನಿಲ್ಲಿಸದೆ ಇದ್ದದ್ದು

ಬರುವಾಗ ತಲುಪುವ ಸಮಯ ಕಾಣದ ಹಾಗೆ ಫೋನನ್ನು ತಿರುಗಿಸಿಟ್ಟೆವು. ದಾರಿ ಹೇಳುವ ದನಿ ಮಾತ್ರ ಇಟ್ಟುಕೊಂಡೆವು. ಒಂದೂವರೆ ಗಂಟೆಗೊಮ್ಮೆ, ಯಾರೂ ಕೇಳದಿದ್ದರೂ ನಿಲ್ಲಿಸುವುದು ಅಂತ ಮಾತಾಯಿತು. ಯಾರಾದರೂ ಕೇಳಿದರೆ ಅದಕ್ಕೂ ಮೊದಲೇ. ರಸ್ತೆಯ ಅಂಚಿನಲ್ಲಲ್ಲ, ಗಾಡಿಗಳಿಂದ ದೂರ, ಇಳಿದರೆ ಮಕ್ಕಳು ನಾಲ್ಕು ಹೆಜ್ಜೆ ಓಡಬಹುದಾದ ಜಾಗದಲ್ಲಿ. ಅಂಥ ಜಾಗ ತಕ್ಷಣ ಸಿಗುವುದಿಲ್ಲ, ಅದು ನಿಜ. ಆಗ ಇವರು ಮ್ಯಾಪ್ ನೋಡಿ ನಿಜವಾದ ದೂರ ಹೇಳುತ್ತಿದ್ದರು. "ಎಂಟು ಕಿಲೋಮೀಟರ್ ಇದೆ. ಕಲ್ಲು ಎಣಿಸ್ತಾ ಹೋಗೋಣ, ಎಂಟನೇ ಕಲ್ಲಿಗೆ ನಿಲ್ಲಿಸ್ತೀವಿ." ಹತ್ತು ನಿಮಿಷ ಅಂದರೆ ನಾಲ್ಕು ವರ್ಷದವನಿಗೆ ಏನೂ ಅರ್ಥವಾಗುವುದಿಲ್ಲ. ಎಂಟು ಕಲ್ಲು ಅರ್ಥವಾಗುತ್ತದೆ. ಎಂಟನೇ ಕಲ್ಲು ಬಂದಾಗ ನಿಲ್ಲಿಸಲೇಬೇಕು, ಅಷ್ಟೇ. ಒಂಬತ್ತಕ್ಕೆ ಹೋದರೆ ಮುಂದಿನ ಸಲ ಅವನು ಎಣಿಸುವುದಿಲ್ಲ.

ಆದರೆ ಎಲ್ಲದಕ್ಕೂ ನಿಲ್ಲಿಸುವುದೇ ಸರಿ ಅಂತಲೂ ಅಲ್ಲ. ಸಂಜೆ ಬಯಲು ರಸ್ತೆಯಲ್ಲಿ ಬರುವಾಗ, ಮಗ ಮಲಗಿದ್ದ, ಇವರೂ ಕಣ್ಣು ಮುಚ್ಚಿದ್ದರು. ಮಧ್ಯದ ಸೀಟಿನಿಂದ ಮಗಳು ಇದ್ದಕ್ಕಿದ್ದ ಹಾಗೆ, ರಸ್ತೆ ನೋಡುತ್ತಲೇ, "ಅಮ್ಮಾ, ಕ್ಲಾಸಲ್ಲಿ ನನ್ನ ಪಕ್ಕ ಯಾರೂ ಕೂತ್ಕೊಳಲ್ಲ" ಅಂದಳು. ಯಾಕೆ ಅಂತ ಕೇಳಿದೆ. ಆಪ್ತ ಗೆಳತಿ ಬೇರೆ ಬೆಂಚಿಗೆ ಹೋಗಿದ್ದಾಳೆ, ಎರಡು ತಿಂಗಳಾಯಿತು, ಮಾತೂ ಕಮ್ಮಿಯಾಗಿದೆ ಅಂದಳು. ಎರಡು ತಿಂಗಳು! ದಿನಾ ಸಂಜೆ ಶಾಲೆಯಿಂದ ಬಂದ ತಕ್ಷಣ ಎದುರಿಗೆ ಕೂರಿಸಿಕೊಂಡು "ಇವತ್ತು ಏನಾಯ್ತು" ಅಂತ ಕೇಳುತ್ತೇನೆ. "ಏನಿಲ್ಲ" ಅನ್ನುತ್ತಾಳೆ. ನನಗೆ ಆಗಲೇ ಕಾರು ನಿಲ್ಲಿಸಿ ಹಿಂದೆ ಹೋಗಿ ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಕಾಲು ಬ್ರೇಕಿನ ಕಡೆ ಹೋಗಿಯೂ ಇತ್ತು. ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮಾತೂ ನಿಲ್ಲುತ್ತಿತ್ತು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಇಬ್ಬರೂ ಒಂದೇ ಕಡೆ ನೋಡುತ್ತಿದ್ದೆವು. ಅವಳಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ಅದರಲ್ಲಿ ಎದ್ದ ಗಾಬರಿಯೂ ಕಾಣುತ್ತಿರಲಿಲ್ಲ. ಎದುರಿಗೆ ಕೂತು ಕೇಳಿದಾಗ ಹೊರಗೆ ಬಾರದ್ದು, ನನ್ನ ತಲೆಯ ಹಿಂಭಾಗಕ್ಕೆ ಹೇಳುವಾಗ ಸಲೀಸಾಗಿ ಬಂತು. ವೇಗ ಒಂದಿಷ್ಟು ಇಳಿಸಿದೆ, ಅಷ್ಟೇ. "ಹೂಂ", "ಆಮೇಲೆ" ಅಂತ ಮಾತ್ರ ಅಂದೆ. ಇಪ್ಪತ್ತು ಕಿಲೋಮೀಟರ್ ಮಾತಾಡಿದಳು. ಮುಗಿದ ಮೇಲೆ, "ಎಡಕ್ಕೆ ತಿರುವು ಬರ್ತಿದೆ ಅಮ್ಮಾ" ಅಂದಳು.

ಚಂದಿರ

ಕತ್ತಲಾದ ಮೇಲೆ ಮಗ ಎದ್ದ. ಎದ್ದವನು ಈ ಸಲ ಅಳಲಿಲ್ಲ. ಹುಣ್ಣಿಮೆಗೆ ಒಂದೆರಡು ದಿನ ಇತ್ತು. ಅವನ ಕಡೆಯ ಕಿಟಕಿಯಲ್ಲಿ ಚಂದ್ರ ಕಾಣುತ್ತಿದ್ದ. ಸ್ವಲ್ಪ ಹೊತ್ತು ನೋಡಿದವನು, "ಅಪ್ಪಾ, ಚಂದಮಾಮ ನಮ್ಮ ಜೊತೆ ಬರ್ತಿದಾನೆ" ಅಂದ. ಮರ ಹಿಂದೆ ಹೋಗುತ್ತಿದೆ, ಕಂಬ ಹಿಂದೆ ಹೋಗುತ್ತಿದೆ, ಚಂದ್ರ ಮಾತ್ರ ಬಿಡುತ್ತಿಲ್ಲ. ಇವರಿಗೆ ಇಂಥದ್ದು ವಿವರಿಸುವುದು ಬಹಳ ಇಷ್ಟ. ಹತ್ತಿರದ್ದು ಬೇಗ ಹಿಂದೆ ಹೋಗುತ್ತೆ, ದೂರದ ಗುಡ್ಡ ನಿಧಾನ, ಚಂದ್ರ ಸುಮಾರು 3,84,000 ಕಿಲೋಮೀಟರ್ ದೂರ, ಅದಕ್ಕೇ ಕದಲಿದ ಹಾಗೆ ಕಾಣಲ್ಲ ಅಂತ ಹೇಳಿದರು. ನಾವು ನೂರು ಕಿಲೋಮೀಟರ್ ಓಡಿದರೂ ಅಷ್ಟಕ್ಕೆ ಚಂದ್ರ ಪಕ್ಕಕ್ಕೆ ಸರಿದಂತೆ ಕಾಣುವುದು ಅವನ ಅಗಲದ ಸುಮಾರು ಮೂವತ್ತೈದನೇ ಒಂದು ಪಾಲಿನಷ್ಟೇ ಅಂತ ಮಗಳಿಗೆ ಬೆರಳಿನಲ್ಲಿ ಅಳತೆ ತೋರಿಸಿದರು. ಮಗಳು ಕೇಳಿಸಿಕೊಂಡಳು. ಮಗನ ತಲೆಯಲ್ಲಿ ಬೇರೆ ಪ್ರಶ್ನೆ ಓಡುತ್ತಿತ್ತು.

"ನಾವು ನಿಂತ್ರೆ ಅವನೂ ನಿಲ್ತಾನಾ?"

ಮನೆಗೆ ಇನ್ನು ನಲವತ್ತು ಕಿಲೋಮೀಟರ್ ಇತ್ತು. ಬೆನ್ನು ನೋಯುತ್ತಿತ್ತು. ನಿಲ್ಲಿಸಿ ಇಪ್ಪತ್ತು ನಿಮಿಷವೂ ಆಗಿರಲಿಲ್ಲ. "ನೋಡೋಣ" ಅಂದೆ. ಇವರು ಮ್ಯಾಪ್ ನೋಡಿ, ಮೂರು ಕಿಲೋಮೀಟರಿಗೆ ಒಂದು ಪೆಟ್ರೋಲ್ ಬಂಕ್ ಇದೆ ಅಂದರು. ಮಕ್ಕಳಿಬ್ಬರೂ ಮೂರು ಕಲ್ಲು ಎಣಿಸಿದರು. ಬಂಕಿನ ಹಿಂದಿನ ಖಾಲಿ ಜಾಗದಲ್ಲಿ ಕಾರು ನಿಲ್ಲಿಸಿ, ದೀಪ ಆರಿಸಿ, ನಾಲ್ಕೂ ಜನ ಇಳಿದೆವು. ಮಗ ನನ್ನ ಕೈ ಹಿಡಿದುಕೊಂಡು, ಕತ್ತು ಮೇಲೆತ್ತಿ, ಉಸಿರು ಬಿಗಿಹಿಡಿದು ನೋಡಿದ. ಇಂಜಿನ್ ತಣ್ಣಗಾಗುವ ಟಿಕ್ ಟಿಕ್ ಸದ್ದು ಕೇಳುತ್ತಿತ್ತು.

"ನಿಂತ!" ಅಂದ.

ಅಕ್ಕನೂ ನೋಡಿ, ಹೌದು, ನಿಂತ ಅಂದಳು. ಇವರು ಏನೂ ವಿವರಿಸಲಿಲ್ಲ. ಮತ್ತೆ ಹತ್ತಿ, ಅವನ ಐದೂ ಬೆಲ್ಟ್ ಹಾಕಿ, ಅವಳ ಬೆಲ್ಟ್ ಭುಜದ ಮೇಲೆ ಸರಿಯಾಗಿ ಇದೆಯಾ ನೋಡಿ, ಹೊರಟೆವು. ರಸ್ತೆಗೆ ಬಂದು ಎರಡು ನಿಮಿಷ ಆಗಿತ್ತು.

"ಹೊರಟ ಅಮ್ಮಾ, ಅವನೂ ಹೊರಟ. ಇನ್ನೊಂದ್ ಸಲ ನಿಲ್ಸು."

ಮುಂದಿನ ಜಾಗ ಆರು ಕಿಲೋಮೀಟರ್ ಅಂದರು ಇವರು. ಆರು ಕಲ್ಲು ಅಂದೆ ನಾನು. ಎಣಿಕೆ ಶುರುವಾಯಿತು. ಐದನೇ ಕಲ್ಲು ದಾಟಿದ ಮೇಲೆ ಎಡಗಡೆ ಇಂಡಿಕೇಟರ್ ಹಾಕಿದೆ.